ಲಿವರಿನ ರಕ್ತದ ಹರಿವು: ಲೇಸರ್ ಎಲ್ಲಿಯವರೆಗೆ?

ಪ್ರಶ್ನೆ: ನಮ್ಮ ತಂದೆಯವರಿಗೆ ಲಿವರ್ ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ) ಇದ್ದು, ಕಲಬುರಗಿಯಲ್ಲಿ ಡಾಪ್ಲರ್ ಸ್ಕ್ಯಾನ್ ಮಾಡಿಸಿದ್ದೇವೆ. ಲಿವರಿನ ರಕ್ತಸಂಚಾರವನ್ನು ಲೇಸರ್‌ನಿಂದ ಇನ್ನೂ ನಿಖರವಾಗಿ ಅಳೆಯಬಹುದೆಂದು ಓದಿದೆ. ಅದಕ್ಕಾಗಿ ಅವರನ್ನು ಹೈದರಾಬಾದಿಗೆ ಕರೆದೊಯ್ಯಬೇಕೆ?
– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಅದೊಂದಕ್ಕಾಗಿ ಹೋಗಬೇಕಾಗಿಲ್ಲ. ವಾಡಿ ಜಂಕ್ಷನ್ನಿನಲ್ಲಿ ನಿಲ್ಲದೆ ಸಾಗುವ ಗೂಡ್ಸ್ ಗಾಡಿಯ ಸೀಟಿ ಹತ್ತಿರವಾಗುವಾಗ ಏರುದನಿಯಲ್ಲೂ, ದಾಟಿದ ಮೇಲೆ ಇಳಿದನಿಯಲ್ಲೂ ಕೇಳಿಸುವುದಕ್ಕೆ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ವಿವರಿಸಿದ ತತ್ವವೇ ಕಾರಣ. ನಿಮ್ಮ ತಂದೆಯವರ ಸ್ಕ್ಯಾನಿನಲ್ಲೂ ಲೇಸರ್ ಉಪಕರಣದಲ್ಲೂ ದುಡಿಯುವುದು ಇದೇ. ಸ್ಕ್ಯಾನು ಶಬ್ದವನ್ನು ಕಳಿಸಿದರೆ ಲೇಸರ್ ಬೆಳಕನ್ನು ಕಳಿಸುತ್ತದೆ, ಓಡುವ ಕೆಂಪು ರಕ್ತಕಣಗಳಿಗೆ ತಾಗಿ ಚದುರಿದ ಬೆಳಕಿನ ಆವರ್ತನ ಅತ್ಯಲ್ಪವಾಗಿ ಬದಲಾಗುತ್ತದೆ.

ತೊಡಕು ಇರುವುದು ಬೆಳಕು ತಲುಪುವ ಆಳದಲ್ಲಿ. ಈ ಉಪಕರಣ ಸಾಮಾನ್ಯವಾಗಿ ಅಳೆಯುವುದು ಸುಮಾರು 1 ಮಿಲಿಮೀಟರ್ ಆಳದವರೆಗೆ ಮಾತ್ರ. ಚರ್ಮ, ಕೊಬ್ಬು, ಸ್ನಾಯುಗಳನ್ನು ದಾಟಿ ಲಿವರನ್ನು ಮುಟ್ಟುವುದು ಅದರಿಂದಾಗದು. ಆದ್ದರಿಂದ ಹೊಟ್ಟೆ ತೆರೆದಾಗ, ಅಂದರೆ ಶಸ್ತ್ರಚಿಕಿತ್ಸೆ, ಲಿವರ್ ಕಸಿ ಅಥವಾ ಪ್ರಾಣಿಗಳ ಮೇಲಿನ ಪ್ರಯೋಗದ ವೇಳೆ, ಪೆನ್ನಿನಂಥ ಪ್ರೋಬನ್ನು ಲಿವರಿನ ಮೇಲ್ಮೈಗೆ ತಾಗಿಸಿ ನೋಡುತ್ತಾರೆ. ಅದನ್ನು ತುಸು ಒತ್ತಿ ಹಿಡಿದರೆ ಸೂಕ್ಷ್ಮನಾಳಗಳು ಅಮುಕಿ ಅಂಕಿ ಇಳಿಯುತ್ತದೆ, ರೋಗಿಯ ಉಸಿರಾಟಕ್ಕೆ ಲಿವರ್ ಅಲುಗಿದರೆ ಇಲ್ಲದ ಹರಿವು ಇದ್ದಂತೆ ಕಾಣುತ್ತದೆ. ಅಲ್ಲದೆ, ಬರುವ ಅಂಕಿಯು ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದಿರದೆ ಉಪಕರಣದ್ದೇ ಆದ ಮಾನದಲ್ಲಿರುತ್ತದೆ. ಒಂದೇ ಜಾಗದಲ್ಲಿ ರಕ್ತನಾಳವನ್ನು ಬಿಗಿಯುವ ಮೊದಲು, ಬಿಟ್ಟ ಮೇಲೆ ಎಷ್ಟು ವ್ಯತ್ಯಾಸವಾಯಿತೆಂದು ಹೋಲಿಸಲು ಅದು ಒಳ್ಳೆಯದು; ಇಬ್ಬರು ರೋಗಿಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು, ನನ್ನ ಅಭಿಪ್ರಾಯದಲ್ಲಿ, ದಾರಿ ತಪ್ಪಿಸುವ ಕೆಲಸ. ಮುಟ್ಟದೆಯೇ ಕ್ಯಾಮೆರಾದಿಂದ ಮೇಲ್ಮೈಯ ಚಿತ್ರ ತೆಗೆಯುವ ಲೇಸರ್ ಸ್ಪೆಕಲ್ ವಿಧಾನವೂ ಉಂಟು, ಅದೂ ಮೇಲುಮೇಲಿನದನ್ನೇ ನೋಡುತ್ತದೆ.

ಸಿರೋಸಿಸ್‌ನಲ್ಲಿ ವೈದ್ಯರಿಗೆ ಬೇಕಾದ ಉತ್ತರ ಬೇರೆಯೇ. ಲಿವರಿಗೆ ನಿಮಿಷಕ್ಕೆ ಬರುವ ಸುಮಾರು ಒಂದೂವರೆ ಲೀಟರ್ ರಕ್ತದಲ್ಲಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಸಿರೆಯ ಮೂಲಕ ಬರುತ್ತದೆ. ಆ ಸಿರೆಯಲ್ಲಿ ರಕ್ತ ಲಿವರಿನ ಕಡೆಗೇ ಹರಿಯುತ್ತಿದೆಯೇ ಅಥವಾ ಹಿಂದಕ್ಕೆ ತಿರುಗಿದೆಯೇ, ವೇಗ ಕುಗ್ಗಿದೆಯೇ, ಹೆಪ್ಪುಗಟ್ಟಿದೆಯೇ ಎಂಬುದನ್ನು ಹೊಟ್ಟೆ ಕೊಯ್ಯದೆ ತೋರಿಸುವುದು ನೀವು ಈಗಾಗಲೇ ಮಾಡಿಸಿರುವ ಸ್ಕ್ಯಾನೇ. ರಿಪೋರ್ಟಿನಲ್ಲಿ ಈ ಮೂರು ಮಾತುಗಳಿವೆಯೇ ಎಂದು ನೋಡಿ, ಇಲ್ಲದಿದ್ದರೆ ವೈದ್ಯರನ್ನು ಕೇಳಿರಿ. ಉಂಡ ಮೇಲೆ ಪೋರ್ಟಲ್ ಸಿರೆಯ ಹರಿವು ಏರುವುದರಿಂದ, ಮುಂದಿನ ಸ್ಕ್ಯಾನಿಗೆ ಎಷ್ಟು ಹೊತ್ತು ಉಪವಾಸವಿರಬೇಕೆಂದು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.