ಓದುಗರ ಪ್ರಶ್ನೆ: ಚಿಕ್ಕಪೇಟೆಗೆ ಎಲ್ಲಿ ಇಳಿಯಬೇಕು?

ಪ್ರಶ್ನೆ: ತಂಗಿ ಮದುವೆಗೆ ಸೀರೆ ತರಲು ಬೆಂಗಳೂರಿನ ಚಿಕ್ಕಪೇಟೆಗೆ ಹೊರಟಿದ್ದೇವೆ. ಮೆಟ್ರೋ ಸ್ಟೇಷನ್‌ಗೂ ಅದೇ ಹೆಸರಿದೆಯಲ್ಲ, ಅಲ್ಲಿ ಇಳಿದರೆ ಅಂಗಡಿ ಬೀದಿ ಸಿಗುತ್ತಾ? ನಮ್ಮ ಯಜಮಾನರದು ಒಂದೇ ಹಟ, ಮೆಜೆಸ್ಟಿಕ್‌ನಲ್ಲಿ ಇಳಿದು ಆಟೋ ಹಿಡಿಯೋಣ ಅಂತ.
– ಓದುಗಿ, ವಿದ್ಯಾನಗರ, ದಾವಣಗೆರೆ

ಉತ್ತರ: ಆಟೋ ಬೇಡ ಅಂತ ಅವರಿಗೆ ಹೇಳಿಬಿಡಿ. ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ಆದ ಮೇಲಿನ ಸ್ಟೇಷನ್ನೇ ಚಿಕ್ಕಪೇಟೆ. ಮೇಲೆ ಹತ್ತಿ ಬಂದರೆ ಪೇಟೆ ಒಳಗೇ ಇರುತ್ತೀರಿ, ಸೀರೆ ಅಂಗಡಿಗಳಿಗೆ ನಡೆದೇ ಹೋಗಬಹುದು. ಆಟೋ ಹತ್ತಿದರೆ ಆ ಗಲ್ಲಿಗಳ ಟ್ರಾಫಿಕ್ಕಿನಲ್ಲಿ ಸುಮ್ನೆ ಕೂತಿರಬೇಕು, ಅಷ್ಟೇ.

ನಿಜ ಹೇಳಬೇಕಂದ್ರೆ ಮೆಜೆಸ್ಟಿಕ್‌ನಲ್ಲಿ ಇಳಿಯುವ ಕೆಲಸವೇ ಇಲ್ಲ. ರೈಲಿಗೆ ಬಂದರೆ ಯಶವಂತಪುರದಲ್ಲೇ ಇಳಿಯಿರಿ, ವಂದೇ ಭಾರತ್ ಕೂಡ ಅಲ್ಲಿ ನಿಲ್ಲುತ್ತದೆ. ಹತ್ತಿರದಲ್ಲೇ ಮೆಟ್ರೋ ಇದೆ. ಸಿಲ್ಕ್ ಇನ್‌ಸ್ಟಿಟ್ಯೂಟ್ ಕಡೆ ಹೋಗುವ ಗಾಡಿ ಹತ್ತಿದರೆ ಎಂಟನೇ ಸ್ಟೇಷನ್ ಚಿಕ್ಕಪೇಟೆ, ಎಲ್ಲೂ ಬದಲಿಸಬೇಕಿಲ್ಲ. ಬಸ್ಸಾದರೆ ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸ್‌ನಲ್ಲಿ ನಿಲ್ಲಿಸುತ್ತಾರಾ ಅಂತ ಕಂಡಕ್ಟರ್‌ನ ಮೊದಲೇ ಕೇಳಿ, ಅಲ್ಲಿಂದಲೂ ಇದೇ ಮಾರ್ಗ.

ಈ ಸ್ಟೇಷನ್ ಇರೋದು ನೆಲದಡಿ. 2017ರ ಜೂನ್‌ನಲ್ಲಿ ಶುರುವಾಯಿತು. ಮೇಲಿರುವುದು ಕೆಂಪೇಗೌಡ 1537ರಲ್ಲಿ ಕಟ್ಟಿಸಿದ ಹಳೇ ಪೇಟೆ, ಅಂಗಡಿಗೆ ಅಂಗಡಿ ಅಂಟಿಕೊಂಡಿರುವ ಆ ಬೀದಿಗಳಲ್ಲಿ ಕಂಬ ನಿಲ್ಲಿಸಲು ಜಾಗ ಎಲ್ಲಿದೆ ಹೇಳಿ! ದೊಡ್ಡಪೇಟೆ, ಅಂದರೆ ಈಗಿನ ಅವೆನ್ಯೂ ರಸ್ತೆ, ಚಿಕ್ಕಪೇಟೆ ಬೀದಿಯನ್ನು ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೆ ಎತ್ತು ಹೂಡಿ ಊರಿನ ಬೀದಿ ಗುರುತು ಮಾಡಿದರು ಅಂತ ಕತೆಯೂ ಇದೆ. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ಎಲ್ಲ ಸುತ್ತಮುತ್ತಲೇ. ನಮ್ಮ ಮಂಡಿಪೇಟೆ, ಚೌಕಿಪೇಟೆ ಸುತ್ತಿದವರಿಗೆ ಅಲ್ಲಿನ ಗದ್ದಲ ಹೊಸದೇನಲ್ಲ ಬಿಡಿ.

ಭಾನುವಾರ ಮಾತ್ರ ಹೋಗಬೇಡಿ, ಬಹಳಷ್ಟು ಹೋಲ್‌ಸೇಲ್ ಅಂಗಡಿ ಮುಚ್ಚಿರುತ್ತವೆ. ಕೆಲವರು ಒಂದೆರಡು ಸೀರೆ ಬಿಡಿಯಾಗಿ ಕೊಡುವುದೂ ಇಲ್ಲ, ಒಳಗೆ ಕೂರುವ ಮೊದಲೇ ಕೇಳಿಕೊಳ್ಳಿ. ಬೀದಿಯಲ್ಲಿ 'ಬನ್ನಿ ಅಕ್ಕಾ' ಅಂತ ಬೆನ್ನು ಹತ್ತುವವರ ಹಿಂದೆ ಹೋದರೆ ಅವರ ಕಮಿಷನ್ನೂ ನಿಮ್ಮ ಸೀರೆ ರೇಟಿಗೇ ಸೇರುತ್ತದೆ. ಅವರನ್ನು ಬಿಟ್ಟು ನಾಲ್ಕು ಅಂಗಡಿ ನೋಡಿ.

ಪ್ರಶ್ನೆ: ಇಸ್ಕಾನ್‌ಗೆ ಯಾವ ಸ್ಟೇಷನ್ ಹತ್ತಿರ?
– ಓದುಗ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಮಹಾಲಕ್ಷ್ಮಿ ಅಥವಾ ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಎರಡರಿಂದಲೂ ನಡೆಯಬಹುದು. ಮೊದಲನೆಯದು ಮಹಾಲಕ್ಷ್ಮಿ ಲೇಔಟ್ ಹೆಸರು. ಎರಡನೆಯದು ಮೈಸೂರು ಸ್ಯಾಂಡಲ್ ಸೋಪ್ ಮಾಡುವ ಸರ್ಕಾರಿ ಕಾರ್ಖಾನೆಯದು.