ತಾರೆ ಒಬ್ಬನೇ ಸಾಕೇ?

ಪ್ರಶ್ನೆ: ಬಾಸ್ಕೆಟ್‌ಬಾಲ್ ಪ್ಲೇಆಫ್‌ನಲ್ಲಿ ತಾರೆ ಆಟಗಾರನೇ ಎಲ್ಲ ಎನ್ನುತ್ತಾನೆ ನಮ್ಮಣ್ಣ. ಜೊತೆಗಾರರು ಸರಿಯಿಲ್ಲದಿದ್ದರೆ ತಾರೆಯೂ ನಡೆಯುವುದಿಲ್ಲ ಎಂದು ನನ್ನ ವಾದ. ಯಾರದು ಸರಿ? ನಮ್ಮ ಶಾಲಾ ತಂಡದಲ್ಲೂ ಚೆನ್ನಾಗಿ ಆಡುವವನು ಒಬ್ಬನೇ. ಉಪಜಿಲ್ಲಾ ಪಂದ್ಯಕ್ಕೆ ಉಳಿದವರನ್ನು ಹೇಗೆ ತಯಾರು ಮಾಡುವುದು?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮದೇ ಸರಿ. ಅಮೆರಿಕದ ಎನ್‌ಬಿಎ ಲೀಗಿನ 1986ರ ಪ್ಲೇಆಫ್‌ನಲ್ಲಿ, ಅಂದರೆ ಲೀಗ್ ಹಂತದ ನಂತರದ ನಾಕೌಟ್ ಸುತ್ತಿನಲ್ಲಿ, ಬಾಸ್ಟನ್ ವಿರುದ್ಧ ಶಿಕಾಗೊದ ಮೈಕೆಲ್ ಜೋರ್ಡಾನ್ ಒಂದೇ ಪಂದ್ಯದಲ್ಲಿ 63 ಅಂಕ ಗಳಿಸಿದರು. ಆದರೂ ಶಿಕಾಗೊ ಆ ಪಂದ್ಯವನ್ನು ಸೋತಿತು, ಸರಣಿಯನ್ನೂ 3-0ಯಿಂದ ಸೋತಿತು.

ಲೀಗ್ ಹಂತದ 82 ಪಂದ್ಯಗಳಲ್ಲಿ ಎದುರಾಳಿ ದಿನಕ್ಕೊಬ್ಬ. ಪ್ಲೇಆಫ್‌ನಲ್ಲಿ ಅದೇ ತಂಡದೊಂದಿಗೆ ಏಳು ಪಂದ್ಯದ ತನಕ ಆಡಬೇಕು. ಎರಡು ಪಂದ್ಯ ಮುಗಿಯುವಷ್ಟರಲ್ಲಿ ನಿಮ್ಮಲ್ಲಿ ಯಾರಿಗೆ ದೂರದಿಂದ ಶೂಟ್ ಮಾಡಲು ಬರುವುದಿಲ್ಲ ಎಂಬುದು ಅವರಿಗೆ ಗೊತ್ತಾಗಿಬಿಡುತ್ತದೆ. ಆಮೇಲೆ ತಾರೆಯ ಮೇಲೆ ಇಬ್ಬರು ಬೀಳುತ್ತಾರೆ, ಆ ಒಬ್ಬನನ್ನು ಬೇಕೆಂದೇ ಖಾಲಿ ಬಿಡುತ್ತಾರೆ. ಹಾಗಾಗಿ ತಂಡದ ಎರಡನೇ ಆಟಗಾರ ಎಷ್ಟು ಒಳ್ಳೆಯವನು ಎನ್ನುವುದಕ್ಕಿಂತ ಐದನೆಯವನು ಎಷ್ಟು ದುರ್ಬಲ ಎನ್ನುವುದನ್ನೇ ನಾವು ಮೊದಲು ನೋಡುತ್ತೇವೆ.

2015ರ ಪ್ಲೇಆಫ್ ಸರಣಿಯೊಂದರಲ್ಲಿ ಗೋಲ್ಡನ್ ಸ್ಟೇಟ್ ವಿರುದ್ಧ ಮೆಂಫಿಸ್ 2-1ರಿಂದ ಮುಂದಿತ್ತು. ಅವರ ಟೋನಿ ಅಲೆನ್ ತಡೆಯಾಟದಲ್ಲಿ ಅಂದಿನ ಅತ್ಯುತ್ತಮರಲ್ಲೊಬ್ಬರು, ಆದರೆ ದೂರದ ಶೂಟ್ ದುರ್ಬಲ. ನಾಲ್ಕನೇ ಪಂದ್ಯದಲ್ಲಿ ಗೋಲ್ಡನ್ ಸ್ಟೇಟ್ ತನ್ನ ಎತ್ತರದ ಸೆಂಟರ್ ಆಂಡ್ರ್ಯೂ ಬೋಗಟ್‌ಗೆ ಅಲೆನ್‌ರನ್ನು ವಹಿಸಿತು. ಬೋಗಟ್ ಅಲೆನ್‌ರ ಹತ್ತಿರಕ್ಕೂ ಹೋಗಲಿಲ್ಲ, ಬುಟ್ಟಿಯ ಬಳಿಯೇ ನಿಂತರು. ಅಲೆನ್ ಎದುರು ಯಾರೂ ಇಲ್ಲದಿದ್ದರೂ ಚೆಂಡು ಒಳಗೆ ಬೀಳಲಿಲ್ಲ. ಅತ್ತ ಮೆಂಫಿಸ್‌ನ ದೈತ್ಯರಿಬ್ಬರಿಗೆ ಬುಟ್ಟಿಯ ಕೆಳಗೆ ಜಾಗವೇ ಇಲ್ಲವಾಯಿತು. ಮುಂದಿನ ಮೂರೂ ಪಂದ್ಯ ಗೋಲ್ಡನ್ ಸ್ಟೇಟ್‌ದಾಯಿತು.

ಅಣ್ಣನ ಮಾತಿನಲ್ಲೂ ಹುರುಳಿದೆ: ಇಬ್ಬರನ್ನು ತನ್ನತ್ತ ಸೆಳೆಯುವ ಶಕ್ತಿ ತಾರೆಗೆ ಮಾತ್ರ. ಆದರೆ ಇಬ್ಬರು ಅವನ ಮೇಲೆ ಬಿದ್ದ ಕ್ಷಣ ಉಳಿದ ಕಡೆ ನಾಲ್ವರಿಗೆ ಮೂವರು. ಆ ಲೆಕ್ಕವನ್ನು ಅಂಕವಾಗಿಸಬೇಕಾದವರು ಜೊತೆಗಾರರು.

ಶಾಲಾ ತಂಡದ ಅಭ್ಯಾಸವನ್ನು ಇದರಿಂದಲೇ ಶುರುಮಾಡಿ. ತಾರೆಯ ಮೇಲೆ ಇಬ್ಬರನ್ನು ಬಿಡಿ. ಅವನು ಡ್ರಿಬಲ್ (ಚೆಂಡು ಪುಟಿಸುವುದು) ನಿಲ್ಲಿಸದೆ ಎರಡು ಹೆಜ್ಜೆ ಹಿಂದೆ ಸರಿದು, ಬುಟ್ಟಿಯ ಎದುರಿನ ಫ್ರೀ ಥ್ರೋ ಗೆರೆಯ ನಡುವೆ ನಿಂತವನಿಗೆ ಪಾಸ್ ಕೊಡಲಿ. ಅಲ್ಲಿಂದ ಹೆಚ್ಚೆಂದರೆ ಎರಡು ಡ್ರಿಬಲ್‌ನೊಳಗೆ ತೀರ್ಮಾನ: ಬುಟ್ಟಿಯತ್ತ ನುಗ್ಗುವುದೋ, ಮೂಲೆಗೆ ಪಾಸೋ. ದಿನಕ್ಕೆ 10 ನಿಮಿಷ ಇದೊಂದೇ. ಇಲ್ಲಿ ತಪ್ಪುವುದು ಎರಡು ಕಡೆ. ಗಾಬರಿಯಲ್ಲಿ ಎಲ್ಲರೂ ಚೆಂಡಿನತ್ತ ಓಡಿಬರುತ್ತಾರೆ, ಆಗ ಒಬ್ಬನೇ ಎದುರಾಳಿ ಇಬ್ಬರನ್ನು ಕಾಯುತ್ತಾನೆ. ತಾರೆ ತಡಮಾಡಿ ತಲೆಯ ಮೇಲಿಂದ ಎತ್ತರದ ಪಾಸ್ ಕೊಟ್ಟರೆ ಅದು ಗಾಳಿಯಲ್ಲೇ ಕೈತಪ್ಪುತ್ತದೆ. ಬದಿಗೆ ಬಾಗಿ, ನೆಲಕ್ಕೆ ಪುಟಿಸಿ ಕೊಡುವ ಬೌನ್ಸ್ ಪಾಸ್ ಕಲಿಸಿ, ಸಿಮೆಂಟು ನೆಲದಲ್ಲೇ ಕಲಿಸಿ. ಮುರಕಲ್ಲಿನ ಅಂಗಳದಲ್ಲಿ ಚೆಂಡು ಎತ್ತೆತ್ತಲೋ ಪುಟಿಯುತ್ತದೆ.

ಪ್ರತಿಯೊಬ್ಬನಿಗೂ ಎರಡೇ ಜಾಗ ಗೊತ್ತುಮಾಡಿ, ಅಲ್ಲಿಂದ ದಿನಕ್ಕೆ 50 ಶೂಟ್ ಮಾಡಿಸಿ. ಐದನೇ ಫೌಲಿಗೆ ತಾರೆ ಹೊರಗೆ ಹೋಗುತ್ತಾನೆ, ಆದ್ದರಿಂದ ಅವನಿಲ್ಲದೆಯೂ ದಿನಕ್ಕೆ ಐದು ನಿಮಿಷ ಆಡಿಸಿ. ಶೂಟ್ ಬಾರದವನನ್ನು ಮಾತ್ರ ಮೂಲೆಯಲ್ಲಿ ನಿಲ್ಲಿಸಬೇಡಿ. ಬುಟ್ಟಿಯ ಪಕ್ಕ, ಅದರ ಹಿಂದಿನ ಗೆರೆಯಾದ ಬೇಸ್‌ಲೈನಿನ ಹತ್ತಿರ ನಿಲ್ಲಿಸಿ. ಅವನನ್ನು ಬಿಟ್ಟು ಯಾರಾದರೂ ತಾರೆಯತ್ತ ಹೋದರೆ ಪಾಸ್ ಬಂದಲ್ಲೇ ಸುಲಭದ ಎರಡು ಅಂಕ, ಇಲ್ಲವಾದರೆ ರೀಬೌಂಡಿಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದು ಬಂದ ಚೆಂಡಿಗೆ, ಎಲ್ಲರಿಗಿಂತ ಹತ್ತಿರ ಅವನೇ.