‘ನಮ್ಮ ಹುಡುಗನದು ಬೇರೆ ವಿಷಯ’

(ಗುರುತು ಸಿಗದಂತೆ ಊರು, ವಯಸ್ಸು ಮತ್ತು ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದದ್ದು.)

ಬೆಂಗಳೂರಿನವರಾದ 52 ವರ್ಷದ ಆ ತಂದೆ ಒಂದು ರಾಜಕೀಯ ಪಕ್ಷದ ಪರವಾಗಿ ಸುದ್ದಿವಾಹಿನಿಗಳ ಚರ್ಚೆಯಲ್ಲಿ ಕೂರುವವರು. ಆಪ್ತ ಸಮಾಲೋಚನೆಗೆಂದು ನನ್ನ ಬಳಿ ಬಂದ ಮೊದಲ ಭೇಟಿಯಲ್ಲಿ ತಮ್ಮ ಮೂರು ಮೊಬೈಲುಗಳನ್ನು ಮೇಜಿನ ಮೇಲೆ ಬೋರಲು ಇಟ್ಟು, ‘ಮೇಡಂ, ದಯವಿಟ್ಟು ಏನನ್ನೂ ಬರೆದುಕೊಳ್ಳಬೇಡಿ’ ಎಂದರು. ಅವರ 22 ವರ್ಷದ ಮಗ ಎಂಜಿನಿಯರಿಂಗ್ ಓದುತ್ತಿದ್ದು, ಮೂರು ವರ್ಷಗಳಿಂದ ಗಾಂಜಾ ಸೇದುತ್ತಿದ್ದಾನೆ. ಕಳೆದ ಎಂಟು ತಿಂಗಳಿಂದ ಅದು ದಿನನಿತ್ಯದ್ದಾಗಿ ನಿದ್ರೆ, ಊಟ, ಪರೀಕ್ಷೆ ಎಲ್ಲವೂ ಕೆಟ್ಟಿವೆ. ಪತ್ನಿ ನಾಲ್ಕು ವರ್ಷಗಳಿಂದ ಮೈಸೂರಿನಲ್ಲಿದ್ದಾರೆ. ‘ಅವರ ತಾಯಿಗೆ ಹುಷಾರಿಲ್ಲ’ ಎಂಬುದು ಅದಕ್ಕೆ ಅವರು ಕೊಟ್ಟ ಕಾರಣ.

ಮಗನ ವಿಷಯ ಯಾವಾಗ ತಿಳಿಯಿತು ಎಂದು ಕೇಳಿದಾಗ ಚಾಲಕನ ಕಥೆ ಹೊರಬಂತು. ಹದಿನೈದು ದಿನಗಳ ಹಿಂದೆ ಚಾಲಕನ ಮಗ ಗಾಂಜಾ ಸೇದಿ ಪೊಲೀಸರ ಕೈಗೆ ಸಿಕ್ಕಿದ್ದ. ಇವರು ಮರುದಿನವೇ ಚಾಲಕನನ್ನು ಕೆಲಸದಿಂದ ಬಿಡಿಸಿದ್ದರು. ‘ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಅಂಥ ಮನೆಯಲ್ಲಿ ಮಕ್ಕಳು ಇನ್ನೇನಾಗ್ತಾರೆ, ಮೇಡಂ?’ ಎಂದು ಕೇಳುವಾಗ ಅವರ ಮುಖದಲ್ಲಿ ಅಳುಕಿನ ಸುಳಿವೂ ಇರಲಿಲ್ಲ. ನಾನು ಸುಮ್ಮನಿದ್ದೆ. ತುಸು ಹೊತ್ತಿನ ಬಳಿಕ ಅವರೇ, ‘ನಮ್ಮ ಹುಡುಗನದು ಬೇರೆ ವಿಷಯ. ಅವನಿಗೆ ಓದಿನ ಒತ್ತಡ’ ಎಂದರು.

ಈ ಇಬ್ಬಗೆಯ ಭಾಷೆ ಅವರೊಬ್ಬರದೇ ಅಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದಕ್ಕಾಗಿ ನಡೆದ ಮೆರವಣಿಗೆಗಳಲ್ಲಿ ತಾವೂ ನಡೆದಿದ್ದಾಗಿ ಇವರು ಹೆಮ್ಮೆಯಿಂದ ಹೇಳಿದರು. ಸಾರಾಯಿಯ ವಿರುದ್ಧ ಬೀದಿಗಿಳಿದ ಹೆಣ್ಣುಮಕ್ಕಳ ಸಂಕಟ ನಿಜವಾದದ್ದು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕೂಲಿಯವನ ಪ್ಯಾಕೆಟ್ಟು ಸಂಸಾರ ಒಡೆಯುತ್ತದೆ ಎಂದು ವೇದಿಕೆಯ ಮೇಲೆ ಗುಡುಗಿದವರು, ಕ್ಲಬ್ಬಿನ ಗ್ಲಾಸು ಒಡೆದ ಸಂಸಾರಗಳ ಬಗ್ಗೆ ಅದೇ ದನಿಯಲ್ಲಿ ಮಾತನಾಡಿದ್ದನ್ನು ನಾನು ಕೇಳಿಲ್ಲ. ಆ ಸಂಸಾರಗಳು ನನ್ನಂಥವರ ಬಳಿಗೆ ಸದ್ದಿಲ್ಲದೆ ಬರುತ್ತವೆ.

ಮಗ ಎರಡನೆಯ ವಾರ ಒಬ್ಬನೇ ಬಂದ. ‘ಅಪ್ಪ ಟಿವಿಯಲ್ಲಿ ಬಂದಾಗ ಸೌಂಡ್ ಆಫ್ ಮಾಡ್ತೀನಿ. ಇಂಥವರನ್ನ ಒಳಗೆ ಹಾಕ್ಬೇಕು ಅನ್ನೋದು ತುಟಿ ನೋಡಿದ್ರೇ ಗೊತ್ತಾಗುತ್ತೆ’ ಎಂದ. ಚಾಲಕನ ಮಗನೂ ಇವನೂ ಒಂದೇ ಟೆರೇಸಿನ ಮೇಲೆ ಕೂತು ಸೇದಿದವರು. ‘ಅವನಿಂದ ಅವರಪ್ಪನ ಕೆಲಸ ಹೋಯ್ತು. ನನಗೆ ನಮ್ಮಪ್ಪ, ಮಡಿಕೇರಿ ಕಡೆ ರೆಸಾರ್ಟಿಗೆ ಹೋಗಿ ಒಂದು ವಾರ ಇದ್ದು ಬಾ ಅಂದ್ರು.’ ಇದನ್ನು ತಂದೆಗೆ ತಿಳಿಸಬಹುದೇ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿ ಒಪ್ಪಿದ.

ತಂದೆಗೆ ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು, ಹೆಸರು ಬದಲಿಸಿ ಹೊರರಾಜ್ಯದ ವ್ಯಸನಮುಕ್ತಿ ಕೇಂದ್ರವೊಂದಕ್ಕೆ ಮಗನನ್ನು ಸಾಗಿಸುವ ಯೋಚನೆಯನ್ನು ಕೈಬಿಡುವುದು. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕಾಯಿಲೆಯೆಂದೇ ಪರಿಗಣಿಸುತ್ತದೆ, ಚಿಕಿತ್ಸೆಯ ವಿವರಗಳಿಗೆ ಗೋಪ್ಯತೆಯ ಹಕ್ಕನ್ನೂ ಕೊಡುತ್ತದೆ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಮಗ ತನ್ನದೇ ಹೆಸರಿನಲ್ಲಿ, ತನ್ನದೇ ಒಪ್ಪಿಗೆಯಿಂದ ಹೋಗಲಿ ಎಂದೆ. ತಾಯಿಯನ್ನೂ ಕರೆಸಬೇಕು ಎಂದೆ. ಗಂಡ ಹೆಂಡತಿ ಬೇರೆಯಿರುವುದಷ್ಟೇ ಮಗನನ್ನು ಗಾಂಜಾಕ್ಕೆ ದೂಡಿತೆಂದು ನಾನು ಹೇಳಲಾರೆ. ಆದರೆ ನಾಲ್ಕು ವರ್ಷಗಳಿಂದ ಆ ಹುಡುಗನೇ ಇಬ್ಬರ ನಡುವೆ ಸುದ್ದಿ ಸಾಗಿಸುತ್ತಿದ್ದ, ಬ್ಯಾಂಕಿನ ಕಾಗದಗಳ ಸಹಿತ.

ಇನ್ನು ಚರ್ಚೆಗಳ ವಿಷಯ. ಪಕ್ಷದ ನಿಲುವು ನನ್ನ ಕೆಲಸದ ವ್ಯಾಪ್ತಿಗೆ ಬಾರದು. ಮುಂದಿನ ಬಾರಿ ಹೋಗುವ ಮುನ್ನ ಹೇಳಲಿರುವ ಮಾತುಗಳನ್ನು ಮಗನ ಎದುರು ಕೂತು ಒಮ್ಮೆ ಗಟ್ಟಿಯಾಗಿ ಓದಿ ಎಂದಷ್ಟೇ ಹೇಳಿದೆ. ಅವರು ಮೊಬೈಲು ಎತ್ತಿಕೊಂಡು ಮತ್ತೆ ಕೆಳಗಿಟ್ಟರು.

ಚಾಲಕನ ಮಗನ ಪ್ರಕರಣ ಇನ್ನೂ ನ್ಯಾಯಾಲಯದಲ್ಲಿತ್ತು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೆಯ ಕಲಮಿನ ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳವರೆಗಿನ ಸಜೆ ಅಥವಾ 10,000 ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದು. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಮುಗಿಯಿತು ಎಂದು ಆ ಮನೆಯವರಿಗೆ ಯಾರೋ ಹೇಳಿದ್ದರು. ಅದೇ ಕಾಯ್ದೆಯ 64ಎ ಕಲಮು ಒಂದು ದಾರಿ ತೋರಿಸುತ್ತದೆ: ಇಂಥ ಆರೋಪ ಹೊತ್ತ ವ್ಯಸನಿಯು ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಸೇರಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ವಿನಾಯಿತಿಯುಂಟು. ಈ ತಂದೆಗೆ ಅದು ಮೊದಲೇ ಗೊತ್ತಿತ್ತು. ಮಗ ಸಿಕ್ಕಿಬಿದ್ದರೆ ಏನು ಮಾಡಬೇಕೆಂದು ವಕೀಲರನ್ನು ವಿಚಾರಿಸಿಟ್ಟುಕೊಂಡಿದ್ದರು. ಆ ವಕೀಲರನ್ನು ಒಮ್ಮೆ ಚಾಲಕನ ಮನೆಗೆ ಕಳಿಸಿ ಎಂದು ಕೇಳಿಕೊಂಡೆ.

ನಾಲ್ಕನೆಯ ಭೇಟಿಯ ಹೊತ್ತಿಗೆ ವಕೀಲರು ಹೋಗಿ ಬಂದಿದ್ದರು. ಚಾಲಕನಿಗೆ ಕೆಲಸ ಮರಳಿ ಸಿಕ್ಕಿರಲಿಲ್ಲ. ಮಗ ನಿಮ್ಹಾನ್ಸ್‌ಗೆ ಎರಡು ಸಲ ಹೋಗಿದ್ದಾನೆ, ಸೇದುವುದು ಕಡಿಮೆಯಾಗಿದೆ, ನಿಂತಿಲ್ಲ. ಮಾದಕ ವಸ್ತುಗಳ ಚರ್ಚೆಗೆ ವಾಹಿನಿಯೊಂದರಿಂದ ಕರೆ ಬಂದಾಗ ತಂದೆ, ‘ಈ ವಿಷಯಕ್ಕೆ ಬೇರೆಯವರನ್ನು ಕರೀರಿ’ ಎಂದರಂತೆ. ಅದನ್ನು ಬದಲಾವಣೆ ಎನ್ನಬೇಕೋ, ನುಣುಚಿಕೊಳ್ಳುವಿಕೆ ಎನ್ನಬೇಕೋ ನನಗಿನ್ನೂ ಸ್ಪಷ್ಟವಿಲ್ಲ. ಬರುವ ಗುರುವಾರ ತಾಯಿ ಮೈಸೂರಿನಿಂದ ಬರುತ್ತಿದ್ದಾರೆ.